ಎರಡು ಗೆರೆ, ಒಂದು ಟಾರ್ಪಾಲು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಮನೆಯ ಗೋಡೆಯಲ್ಲಿ ಬಿರುಕಿಲ್ಲ. ನಮ್ಮ ಬೀದಿಗೆ ನೆರೆ ಬಂದಿಲ್ಲ, ಬೆಂಕಿ ಬಿದ್ದಿಲ್ಲ, ಭೂಮಿ ನಡುಗಿಲ್ಲ. ಹಾಗಿದ್ದರೂ ನಿಮ್ಮದೇ ಕಟ್ಟಡದ ಕೆಳಮಹಡಿಯಲ್ಲಿರುವ ಪರಿಹಾರ ಶಾಖೆಯವರು ನನ್ನನ್ನು ಸಂತ್ರಸ್ತೆ ಎಂದು ಘೋಷಿಸಿ ಒಂದು ನೀಲಿ ಟಾರ್ಪಾಲನ್ನೂ ಮುಚ್ಚಳವಿರುವ ಒಂದು ಬಕೆಟ್ಟನ್ನೂ ಕೊಟ್ಟಿದ್ದಾರೆ. ಅವರು ಕೊಟ್ಟರು ಎಂಬ ಒಂದೇ ಕಾರಣಕ್ಕೆ ಮೇಲ್ಮಹಡಿಯಲ್ಲಿರುವ ತಾವು ನನ್ನ ಕಲನಪೂರ್ವ ಬೀಜಗಣಿತದ ಪತ್ರಿಕೆಗೆ ಸೊನ್ನೆ ಕೊಟ್ಟಿದ್ದೀರಿ. ನನಗೆ ಟಾರ್ಪಾಲು ಬೇಡ ಸ್ವಾಮಿ, ಅಂಕ ಬೇಕು. ಇಷ್ಟು ಸಣ್ಣ ಮಾತನ್ನು ನಿಮ್ಮ ಕಿಟಕಿಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಿಳಿಯದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ನನ್ನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುತ್ತೇನೆ, ಸಡಿಲವಾದ ತಿರುಪು ಬಿಗಿ ಮಾಡುತ್ತೇನೆ, ಜಾರುವ ಕನ್ನಡಕವನ್ನು ಎಂಥ ಮೂಗಿನ ಮೇಲಾದರೂ ನಿಲ್ಲಿಸುತ್ತೇನೆ. ಅಂಗಡಿಯ ಹಿಂದೆ ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆಯಿದೆ. ಆ ಕೋಣೆಯೊಳಗೆ ಕೂತು ‘ಈಗ ಕಾಣುತ್ತಾ? ಈಗ?’ ಎಂದು ಕೇಳಬೇಕೆಂಬುದು ನನ್ನ ಬಹಳ ದಿನದ ಆಸೆ. ಅದಕ್ಕೆಂದೇ ಒಂದು ಕೋರ್ಸು ಇದೆ, ಅದರಲ್ಲಿ ಸೀಟೂ ಸಿಕ್ಕಿದೆ. ಆದರೆ ಕಲನಪೂರ್ವ ಬೀಜಗಣಿತ ಪಾಸಾಗಿದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಬರುವ ಸೋಮವಾರದೊಳಗೆ ಅಂಕಪಟ್ಟಿ ತೋರಿಸದಿದ್ದರೆ ಸೀಟು ಬೇರೆಯವರ ಪಾಲು.

ಹೀಗಾಗಿ ಮಕ್ಕಳ ವಯಸ್ಸಿನವರ ನಡುವೆ ಸಂಜೆ ಕಾಲೇಜಿನ ಬೆಂಚಿನಲ್ಲಿ ಕೂತೆ. ವಿಷಯದ ಹೆಸರು ಕೇಳಿ ನಮ್ಮತ್ತೆ ಗಾಬರಿಯಾದರು. ‘ಪೂರ್ವ ಅಂತಿದೆ, ಬೀಜ ಅಂತಿದೆ. ಈ ವಯಸ್ಸಲ್ಲಿ ಏನೇ ಇದು, ಬಸುರಿಯರಿಗೆ ಹೇಳಿಕೊಡೋ ಪಾಠಾನಾ?’ ಎಂದರು. ಕಲನ ಎಂಬ ದೊಡ್ಡ ಗಣಿತವೊಂದಿದೆ, ಅದರ ಮನೆಗೆ ಕಾಲಿಡುವ ಮುಂಚೆ ಜಗಲಿಯಲ್ಲಿ ಕೂತು ಕಲಿಯುವುದು ಇದು ಎಂದು ಸಮಾಧಾನ ಹೇಳಿದೆ. ‘ಜಗಲಿಯಲ್ಲೇ ಇಷ್ಟು ಒದ್ದಾಡ್ತಿದ್ದೀಯ, ಒಳಗೆ ಹೋದ್ಮೇಲೆ ಏನು ಗತಿಯೋ’ ಎಂದು ಅವರು ಎದ್ದು ಹೋದರು. ಒದ್ದಾಡಿದ್ದು ನಿಜ. ಬಹುಪದೋಕ್ತಿ ಎಂಬ ಪದ ನಾಲಿಗೆಗೆ ಒಗ್ಗುವ ಹೊತ್ತಿಗೆ ಅರ್ಧ ವರ್ಷ ಮುಗಿದಿತ್ತು.

ನಮ್ಮ ಬೀಜಗಣಿತದ ಮೇಷ್ಟ್ರು ಮಾತ್ರ ಕೈಬಿಡಲಿಲ್ಲ. ‘ನೋಡಿ ಅಮ್ಮಾ, ಎಲ್ಲಾ ಸಮೀಕರಣಕ್ಕೂ ಪರಿಹಾರ ಇರಲ್ಲ. ಇಲ್ಲದೇ ಇದ್ದಾಗ ಇಲ್ಲ ಅಂತ ಧೈರ್ಯವಾಗಿ ಬರೀಬೇಕು. ಬರೆದು ಕೆಳಗೆ ಎರಡು ಗೆರೆ ಎಳೀಬೇಕು, ನೋಡೋರ ಕಣ್ಣಿಗೆ ಹೊಡೀಬೇಕು’ ಎಂದು ಹೇಳಿಕೊಟ್ಟರು. ಕಣ್ಣಿಗೆ ಹೊಡೆದದ್ದೇ ಈಗ ಕಷ್ಟಕ್ಕೆ ಬಂದಿದೆ.

ಪರೀಕ್ಷೆಯ ಮೊದಲ ಪ್ರಶ್ನೆಯಲ್ಲಿ ತಾವು ಎರಡು ಸಮೀಕರಣ ಕೊಟ್ಟಿದ್ದಿರಿ. ಎಕ್ಸ್ ಮತ್ತು ವೈ ಕೂಡಿದರೆ ನಾಲ್ಕು ಎಂದು ಒಂದು ಹೇಳುತ್ತದೆ. ಎರಡನೆಯದನ್ನು ಅರ್ಧ ಮಾಡಿ ನೋಡಿದರೆ, ಅದೇ ಎಕ್ಸ್ ಅದೇ ವೈ ಕೂಡಿದರೆ ಐದು ಎನ್ನುತ್ತದೆ. ಅದೇ ಎರಡು ಸಂಖ್ಯೆ ಒಂದು ಸಲ ನಾಲ್ಕು, ಇನ್ನೊಂದು ಸಲ ಐದು ಆಗಲು ಅವೇನು ಕಚೇರಿಯ ಗಡಿಯಾರಗಳೇ? ಗೆರೆ ಎಳೆದು ನೋಡಿದೆ. ಎರಡೂ ಸಮಾಂತರ, ಎಲ್ಲಿಯೂ ಸೇರುವುದಿಲ್ಲ. ಹಾಳೆಯ ಮೇಲುಗಡೆಯೇ ದಪ್ಪಕ್ಷರದಲ್ಲಿ ‘ಪರಿಹಾರ ಇಲ್ಲ’ ಎಂದು ಬರೆದು, ಮೇಷ್ಟ್ರು ಹೇಳಿದಂತೆ ಕೆಳಗೆ ಎರಡು ಗೆರೆ ಎಳೆದೆ. ಉಳಿದ ಪ್ರಶ್ನೆಗಳಿಗೂ ಉತ್ತರ ಬರೆದು, ಇನ್ನು ಕತ್ತಲೆ ಕೋಣೆ ನನ್ನದೇ ಎಂದುಕೊಂಡು ಮನೆಗೆ ಬಂದೆ.

ಆಮೇಲೆ ಬಂದವರು ಪರಿಹಾರ ಶಾಖೆಯವರು. ಒಬ್ಬರ ಕೈಯಲ್ಲಿ ಅಳತೆಯ ಟೇಪು, ಇನ್ನೊಬ್ಬರ ಕೈಯಲ್ಲಿ ನನ್ನ ಉತ್ತರ ಪತ್ರಿಕೆ! ಎರಡೂ ಕಚೇರಿಗೆ ಟಪಾಲು ವಿಭಾಗ ಒಂದೇ ಅಂತೆ. ಅಲ್ಲಿ ಯಾರೋ ಪುಣ್ಯಾತ್ಮರು ‘ಪರಿಹಾರ ಇಲ್ಲ’ ಎಂಬ ನನ್ನ ಗೋಳು ಓದಿ ಕರಗಿ, ಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಕಳಿಸುವ ಬದಲು ಕೆಳಗಿಳಿಸಿದ್ದರು.

‘ಏನಮ್ಮಾ ಹಾನಿ ಆಗಿರೋದು?’ ಎಂದರು ಟೇಪಿನವರು.

‘ಹಾನಿ ಏನಿಲ್ಲ ಸಾರ್. ಅಲ್ಲಿರೋದು ಎರಡು ಗೆರೆ.’

‘ಗೆರೆ ಅಂದ್ರೆ ಬಿರುಕು. ಎಷ್ಟು ಉದ್ದ?’

‘ಅದಕ್ಕೆ ಕೊನೇನೇ ಇಲ್ಲ.’

ಅವರು ಟೇಪು ನೋಡಿಕೊಂಡರು. ‘ಕೊನೇನೇ ಇಲ್ಲ ಅಂದ್ರೆ ಪಕ್ಕದ ಮನೆಗೂ ಹೋಗಿದೆಯಾ?’

‘ಎಲ್ಲಾ ಕಡೆ ಹೋಗುತ್ತೆ ಸಾರ್. ಆದ್ರೆ ಒಂದಕ್ಕೊಂದು ಸೇರಲ್ಲ.’

‘ಸದ್ಯ! ಸೇರಲ್ಲ ತಾನೇ? ಸೇರಿದ್ರೆ ಗೋಡೆ ಬೀಳ್ತಿತ್ತು’ ಎಂದು ಅವರು ನಿಟ್ಟುಸಿರು ಬಿಟ್ಟು, ‘ಕೊನೆಯಿಲ್ಲದ ಬಿರುಕು, ಎರಡು’ ಎಂದು ಬರೆದುಕೊಂಡರು. ನಾನು ಬಾಯಿ ಬಿಡುವಷ್ಟರಲ್ಲಿ ಒಳಗಿನಿಂದ ಅತ್ತೆ ಬಂದು, ‘ಬಚ್ಚಲ ನಲ್ಲಿ ತೊಟ್ಟಿಕ್ಕುತ್ತೆ, ಅದನ್ನೂ ಬರ್ಕೊಳಪ್ಪ’ ಎಂದರು. ಟಾರ್ಪಾಲಿನ ಜೊತೆಗೆ ಬಕೆಟ್ಟು ಬಂದ ಕಥೆ ಇದು.

ಇಷ್ಟಾದರೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ತಮ್ಮ ಕಚೇರಿಯಿಂದ ಆದೇಶ ಬಂತು. ಉತ್ತರ ಪತ್ರಿಕೆಯಲ್ಲಿ ಅಹವಾಲು ಬರೆಯುವುದು ನಿಷಿದ್ಧವಂತೆ. ಅದರಲ್ಲೂ ಸದರಿ ಅಭ್ಯರ್ಥಿಗೆ ಪರಿಹಾರ ಮಂಜೂರಾಗಿರುವ ಕಾರಣ ‘ಪರಿಹಾರ ಇಲ್ಲ’ ಎಂಬ ಆಕೆಯ ಹೇಳಿಕೆ ಸುಳ್ಳೆಂದು ರುಜುವಾತಾಗಿದೆಯಂತೆ. ಆದ್ದರಿಂದ ಇಡೀ ಪತ್ರಿಕೆಗೆ ಸೊನ್ನೆ. ಒಂದು ಟಾರ್ಪಾಲಿನಿಂದ ಎರಡು ಸಮಾಂತರ ಗೆರೆಗಳನ್ನು ಕೂಡಿಸಿದ ಗಣಿತಜ್ಞರು ತಮ್ಮ ಕಚೇರಿಯಲ್ಲಲ್ಲದೆ ಇನ್ನೆಲ್ಲಿದ್ದಾರೆ?

ಓಡಿಬಂದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ಬಹಳ ಸಮಾಧಾನದ ಮನುಷ್ಯ.

‘ಪರಿಹಾರ ಸಿಕ್ಕಿದೆಯಾ ಇಲ್ವಾ?’

‘ಸಿಕ್ಕಿದೆ ಸಾರ್. ಆದ್ರೆ ನಾನು ಇಲ್ಲ ಅಂದಿದ್ದು ಸಮೀಕರಣಕ್ಕೆ.’

‘ಸಮೀಕರಣ ನಿಮಗೇನಾಗಬೇಕು?’

‘ಏನೂ ಆಗಬೇಕಿಲ್ಲ.’

‘ಸಂಬಂಧವೇ ಇಲ್ಲದವರ ಪರವಾಗಿ ನೀವು ಅರ್ಜಿ ಹಾಕೋ ಹಾಗಿಲ್ಲಮ್ಮ. ಅವರನ್ನೇ ಕಳಿಸಿ.’

ಮೇಷ್ಟ್ರು ನನ್ನ ಪರವಾಗಿ ಬರೆದರು. ಈ ಸಮೀಕರಣಗಳಿಗೆ ಪರಿಹಾರ ಇಲ್ಲದಿರುವುದು ಸತ್ಯ, ಇದು ನನ್ನ ಅಧ್ಯಾಪಕ ಜೀವನದ ಮೇಲೆ ಆಣೆ ಎಂದು ಬರೆದರು. ಆ ಕಾಗದವೂ ಟಪಾಲಿನವರ ಕಣ್ಣಿಗೆ ಬಿತ್ತು. ಟೇಪಿನವರು ಅವರ ಮನೆಗೂ ಹೋದರು. ಈಗ ಅವರ ಮನೆಯಲ್ಲೂ ಒಂದು ಬಕೆಟ್ಟಿದೆ. ‘ಚೆನ್ನಾಗಿದೆ ಅಮ್ಮಾ, ಗಟ್ಟಿ ಮಾಲು’ ಎಂದರು ಮೇಷ್ಟ್ರು. ಇಷ್ಟು ಸೋತ ಮುಖವನ್ನು ಅವರಲ್ಲಿ ನಾನು ಹಿಂದೆ ನೋಡಿರಲಿಲ್ಲ.

ನಿಯಂತ್ರಕರೇ, ಮುಂದಿನ ಪರೀಕ್ಷೆಯಲ್ಲಿ ಯಾವುದೋ ಮಗು ‘ಇದಕ್ಕೆ ಅನಂತ ಪರಿಹಾರಗಳಿವೆ’ ಎಂದು ಸರಿಯಾಗಿ ಬರೆದರೆ ಏನು ಮಾಡುತ್ತೀರಿ? ಒಬ್ಬನೇ ಎಲ್ಲವನ್ನೂ ನುಂಗಿದ ಎಂದು ಅದರ ಮೇಲೆ ವಿಚಾರಣೆ ಹೂಡುತ್ತೀರಾ? ವರ್ಗ ಸಮೀಕರಣದ ಪರಿಹಾರಗಳು ಕಾಲ್ಪನಿಕ ಎಂದು ಬರೆದ ಹುಡುಗಿಯನ್ನು ಬೋಗಸ್ ಫಲಾನುಭವಿ ಎಂದು ಪೊಲೀಸರಿಗೆ ಒಪ್ಪಿಸುತ್ತೀರಾ? ಪರಿಹಾರ ಎಂಬ ಪದಕ್ಕೆ ಎರಡು ಅರ್ಥ ಇಟ್ಟುಕೊಂಡದ್ದು ನಮ್ಮ ಭಾಷೆಯ ದೊಡ್ಡ ಮನಸ್ಸು. ಅದರಲ್ಲಿ ಅಲ್ಲಿಗೆ ಸಲ್ಲದ ಅರ್ಥವನ್ನೇ ಪ್ರತಿ ಸಲವೂ ಆರಿಸಿಕೊಳ್ಳುವುದು ಯಾರ ಜಾಣತನ?

ನಾನು ಕೇಳುವುದು ಇಷ್ಟೇ. ನನ್ನ ಪತ್ರಿಕೆಯನ್ನು ಕೆಳಮಹಡಿಯಿಂದ ಮೇಲ್ಮಹಡಿಗೆ ತರಿಸಿ, ಲೆಕ್ಕ ಬಲ್ಲವರ ಮುಂದಿಡಿ. ತಪ್ಪಿದ್ದರೆ ನಿಜವಾದ ತಪ್ಪಿಗೆ ಸೊನ್ನೆ ಕೊಡಿ, ತಲೆಬಾಗಿ ತೆಗೆದುಕೊಂಡು ಹೋಗುತ್ತೇನೆ. ಸರಿಯಿದ್ದರೆ ಸೋಮವಾರದೊಳಗೆ ಅಂಕಪಟ್ಟಿ ಕೊಡಿ. ದಯವಿಟ್ಟು ಈ ಪತ್ರಕ್ಕೆ ಮಾತ್ರ ಪರಿಹಾರ ಮಂಜೂರು ಮಾಡಬೇಡಿ. ಮನೆಯಲ್ಲಿ ಜಾಗವಿಲ್ಲ.

ಇದನ್ನು ಎಲ್ಲಿ ಕೂತು ಬರೆಯುತ್ತಿದ್ದೇನೆ ಗೊತ್ತೇ? ತಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ, ಅದೇ ನೀಲಿ ಟಾರ್ಪಾಲು ಹಾಸಿಕೊಂಡು. ಪಕ್ಕದಲ್ಲಿ ಅತ್ತೆ ಇದ್ದಾರೆ. ಟಾರ್ಪಾಲು ವಾಪಸು ಕೊಡದಂತೆ ಕಾಯಲು ಬಂದವರು, ಈಗಷ್ಟೇ ನನ್ನ ಮುಖ ನೋಡಿ, ‘ಕೊಟ್ರೆ ನಿನ್ನ ಮಾರ್ಕ್ಸ್ ಬರುತ್ತೆ ಅನ್ನೋದಾದ್ರೆ ಕೊಟ್ಬಿಡು ಕಣೇ. ಬಕೆಟ್ಟು ಮಾತ್ರ ಕೇಳಿದ್ರೂ ಕೊಡ್ಬೇಡ’ ಎಂದರು. ಮೇಲ್ಮಹಡಿಯಿಂದ ಇಳಿಯಲು ಇರುವುದು ಇದೊಂದೇ ಮೆಟ್ಟಿಲು. ಸಂಜೆ ಕಚೇರಿ ಮುಚ್ಚಿದಾಗ ತಾವು ಇಳಿದು ಬರುವ ಗೆರೆ, ನಾನು ಕೂತಿರುವ ಗೆರೆ, ಎರಡನ್ನೂ ಎಳೆದು ನೋಡಿದ್ದೇನೆ. ಇವು ಸಮಾಂತರ ಅಲ್ಲ. ಸೇರಲೇಬೇಕು.

ಆದ್ದರಿಂದ ಈ ಲೆಕ್ಕಕ್ಕೆ ಪರಿಹಾರ ಇದೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇಂತಿ,
ಗೋಡೆ ಗಟ್ಟಿಯಾಗಿಯೇ ಇರುವ ಸಂತ್ರಸ್ತೆ
(ಮೆಟ್ಟಿಲ ಬುಡ, ನೀಲಿ ಟಾರ್ಪಾಲು)