ಟಾಕೀಸಿನಲ್ಲಿ ನೀವು ಎದ್ದು ನಿಂತಿದ್ದು

ದೇವಾಪುರ
ಬುಧವಾರ, 12 ಫೆಬ್ರುವರಿ 2025

ಯಾದಗಿರಿಯ ಓಣಿ ಓಣಿಗೂ ನೀರು ಬಿಡುವ ನಮ್ಮ ಮನೆಯವರಿಗೆ,

ನಿಮ್ಮ ದುರ್ಗಾ ಕೈಮುಗಿದು ಬರೆಯುವುದು. ನಾನು ಆರಾಮ ಇದ್ದೇನೆ, ನೀವೂ ಆರಾಮ ಇರಬೇಕು. ಫೋನ್ ಇರುವಾಗ ಇದೇನಿದು ಕಾಗದ ಅಂತ ನಗಬೇಡಿ. ಫೋನಿನಲ್ಲಿ ನಾನು ಒಂದು ಗಾಡಿ ಮಾತಾಡಿದರೂ ನಿಮ್ಮ ಕಡೆಯಿಂದ ಬರುವುದು ಒಂದು ‘ಹೂಂ’. ಕಾಗದ ಹೂಂ ಅನ್ನುವುದಿಲ್ಲ, ಅಷ್ಟೇ ನನಗೆ ಸಮಾಧಾನ.

ಭಾನುವಾರ ಸಂಜೆ ಬಸ್ಸು ಹತ್ತುವಾಗ ನೀವು ಕೇಳಿದ್ದು ಪಿಚ್ಚರ್ ಹೇಗಿತ್ತು ಅಂತ. ನಾಲ್ಕು ತಿಂಗಳ ಮೇಲೆ ತವರಿನಲ್ಲಿ ಕೂತ ಹೆಂಡತಿಯನ್ನು ನೋಡಲು ಬಂದ ಗಂಡಸು ಹೋಗುವಾಗ ಕೇಳುವ ಮಾತೇನ್ರಿ ಅದು? ನಾನು ಸಿಟ್ಟಿಗೆ ಮುಖ ತಿರುಗಿಸಿದೆ. ಈಗ ಉತ್ತರ ಬರೆಯುತ್ತಿದ್ದೇನೆ, ನಡುವೆ ಮಡಚಿಡದೆ ಪೂರ್ತಿ ಓದಿ.

ಪಿಚ್ಚರ್ ನನಗೆ ಹುಚ್ಚು ಹಿಡಿಸಿಬಿಟ್ಟಿದೆ. ‘ತೊಗರಿ ಹೊಲದ ದಾರಿ’ ಅಂತ ಹೆಸರು ಕೇಳಿ, ಬೀಜ-ಗೊಬ್ಬರದ ಬಗ್ಗೆ ಬುದ್ಧಿ ಹೇಳುವ ಪಿಚ್ಚರ್ ಇರಬೇಕು ಅಂದುಕೊಂಡಿದ್ದೆ. ಪರದೆಯ ಮೇಲೆ ಆ ನೀಲವ್ವ ಮೊದಲ ಸಲ ಬಾಯಿ ತೆರೆದಳಲ್ಲ, ನನ್ನ ಮೈ ಜುಮ್ ಅಂತು. ನಮ್ಮ ಮಾತು! ಇಷ್ಟು ವರ್ಷ ಪಿಚ್ಚರಿನಲ್ಲಿ ನಮ್ಮ ಕಡೆಯ ಮಾತು ಬರುತ್ತಿದ್ದುದು ನಗಿಸುವ ಆಳಿನ ಬಾಯಲ್ಲಿ, ಇಲ್ಲವೇ ಕುಡಿದು ಗಟಾರಿಗೆ ಬೀಳುವವನ ಬಾಯಲ್ಲಿ. ಇಲ್ಲಿ ಪ್ರೀತಿ ಮಾಡುವವಳೂ ನಮ್ಮ ಹಾಗೆ ಮಾತಾಡುತ್ತಾಳೆ, ಅಳುವವಳೂ ನಮ್ಮ ಹಾಗೆ ಮಾತಾಡುತ್ತಾಳೆ, ಯಾರೂ ನಗಲಿಲ್ಲ. ಸಿಟ್ಟು ಬಂದಾಗ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ ನೋಡಿದಿರಾ? ಅದು ಹೇಳಿಕೊಟ್ಟು ಬರುವಂಥದ್ದಲ್ಲ. ಕುರಿಗಳೆಲ್ಲ ರೋಗ ಬಂದು ಸತ್ತ ಮುಂಜಾನೆ ಆಕೆ ಅಳಲಿಲ್ಲ, ಹಟ್ಟಿ ಗುಡಿಸಿದಳು. ಅಲ್ಲಿ ಹಾಡಿಲ್ಲ, ಸಂಗೀತವಿಲ್ಲ, ಬರೀ ಕಸಬರಿಗೆಯ ಸಪ್ಪಳ. ನನಗೆ ಅಳು ತಡೆಯಲಾಗಲಿಲ್ಲ.

ಹಾಗಂತ ಅದರಲ್ಲಿ ತಪ್ಪೇ ಇಲ್ಲ ಅಂತಲ್ಲ. ಅವ್ವನ ಪ್ರಕಾರ ಆ ಕುರಿಗಳು ಬಾಡಿಗೆಗೆ ತಂದವು, ನೀಲವ್ವ ಕರೆದರೆ ಒಂದಾದರೂ ತಿರುಗಿ ನೋಡಲಿಲ್ಲವಂತೆ. ಮರಿಯನ್ನು ಎತ್ತಿಕೊಂಡಿದ್ದೂ ಪೇಟೆಯವರು ಕೈಚೀಲ ಹಿಡಿದ ಹಾಗಿತ್ತಂತೆ. ಬಸ್ಸಿನಲ್ಲಿ ಸುರಪುರದ ತನಕ ಇದೇ ಮಾತು, ಅದೂ ನಿಮಗೆ ಕೇಳಿಸಬಾರದೆಂದು ನನ್ನ ಕಿವಿಯೊಳಗೆ ಬಾಯಿಟ್ಟು.

ನಮ್ಮವ್ವ ಹನುಮಮ್ಮನ ರೀತಿ ನಿಮಗೆ ಗೊತ್ತೇ ಇದೆ. ಅಳಿಯನೆದುರು ತಲೆಯ ಮೇಲಿನ ಸೆರಗು ಜಾರಬಾರದು, ಸರಿಸಮ ಕೂಡಬಾರದು, ಮಾತಾಡಬಾರದು. ಲಗ್ನವಾಗಿ ಆರು ವರ್ಷವಾಯಿತು, ನಿಮ್ಮ ಜೊತೆ ಒಂದು ಮಾತೂ ಆಡಿಲ್ಲ. ಶನಿವಾರ ನೀವು ಬಂದಾಗಲೂ ಬಾಗಿಲ ಮರೆಯಲ್ಲಿ ನಿಂತು, ಅವರಿಗೆ ಇನ್ನೊಂದು ರೊಟ್ಟಿ ಹಾಕು ಅಂತ ನನಗೆ ಹೇಳುತ್ತಿದ್ದಳು. ನೀವೋ, ಅತ್ತೆಗೆ ಸಾಕು ಅಂತ ಹೇಳು ಅನ್ನುತ್ತಿದ್ದಿರಿ. ಇಬ್ಬರ ನಡುವೆ ನಾನು ಅಂಚೆಯವಳು. ಶಹಾಪುರಕ್ಕೆ ಪಿಚ್ಚರಿಗೆ ಹೋಗೋಣ ಅಂತ ನೀವು ಅಂದಾಗ ನನ್ನ ಎದೆ ಹಗುರಾಯಿತು. ಅವ್ವ ಬಾಗಿಲ ಚೌಕಟ್ಟಿಗೆ ಹೇಳಿದಳು: ತವರಿನಲ್ಲಿ ಕೂತವಳು ಗಂಡನ ಜೊತೆ ಪಿಚ್ಚರಿಗೆ ತಿರುಗಿದರೆ ಮಂದಿ ಏನಂದಾರು, ತಾನೂ ಬರುತ್ತೇನೆ. ಟಾಕೀಸಿನಲ್ಲಿ ಮತ್ತೆ ಅದೇ ಪೇಚು. ಅಳಿಯನ ಸಾಲಿನಲ್ಲಿ ಕೂಡುವುದಿಲ್ಲ ಅಂತ ಅವ್ವ ನಿಂತೇಬಿಟ್ಟಳು. ಕೊನೆಗೆ ನೀವು ಮುಂದಿನ ಸಾಲಿಗೆ ಹೋದಿರಿ, ನಾವು ಹಿಂದೆ. ನಿಮ್ಮ ಪಕ್ಕದಲ್ಲಿ ಕೂಡಬೇಕು ಅಂತ ನನಗೆ ಬಹಳ ಇತ್ತು. ಅಲ್ಲಿ ಹೇಳಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ.

ಇನ್ನು ಆ ಕಟ್ಟೆಯ ಸೀನು. ನೀಲವ್ವನ ಕಾಲ್ಗುಣದಿಂದಲೇ ಕುರಿ ಸತ್ತವು ಅಂತ ಗಂಡನ ಮನೆಯವರು ಆಕೆಯನ್ನು ಕಟ್ಟೆಯ ಮುಂದೆ ನಿಲ್ಲಿಸುತ್ತಾರೆ. ಊರೆಲ್ಲ ಸೇರಿದೆ. ಗಂಡ ಮಲ್ಲೇಶಿ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ನೆಲ ನೋಡುತ್ತ ನಿಂತಿದ್ದಾನೆ. ನಾನು ಪರದೆ ಬಿಟ್ಟು ಮುಂದಿನ ಸಾಲಿನಲ್ಲಿದ್ದ ನಿಮ್ಮ ಬೆನ್ನು ನೋಡಿದೆ. ಯಾಕೆ ಅಂತ ನಿಮಗೆ ಹೇಳಬೇಕೇ?

ನಿಮ್ಮ ರೇಣಮ್ಮಕ್ಕ ಹೆರಿಗೆಗೆ ಯಾದಗಿರಿಯ ನಮ್ಮ ಮನೆಗೆ ಬಂದಾಗ ಬಾಣಂತನ ಮಾಡಿದವಳು ನಾನು. ಕೂಸಿಗೆ ಎಣ್ಣೆ ತಿಕ್ಕಿ ಎರೆದವಳು ನಾನು, ಅದರ ಬಟ್ಟೆ ಒಗೆದವಳು ನಾನು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದಾಗ ನಾನು ತೊಟ್ಟಿಲು ತೂಗಲು ಕೈ ಚಾಚಿದೆ. ಮಕ್ಕಳಿಲ್ಲದ ಕೈ ಇವತ್ತು ತೊಟ್ಟಿಲಿಗೆ ತಾಗುವುದು ಬೇಡ, ದೂರ ನಿಲ್ಲು ಅಂದರು ನಿಮ್ಮ ಅಕ್ಕ. ನೀವು ಗುಗ್ಗರಿಯ ಪರಾತ ಹಿಡಿದು ಅಲ್ಲೇ ನಿಂತಿದ್ದಿರಿ. ಒಂದು ಗಳಿಗೆ ನನ್ನ ಕಡೆ ನೋಡಿದಿರಿ. ಆಮೇಲೆ ಗುಗ್ಗರಿ ಹಂಚುತ್ತ ಮುಂದೆ ಹೋದಿರಿ. ತಾಯಿ ಹೋದ ಮೇಲೆ ನಿಮ್ಮನ್ನು ಸಾಕಿದ್ದು ಅಕ್ಕ, ಅವರಿಗೆ ಎದುರು ಮಾತಾಡುವುದು ನಿಮಗೆ ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೂ ನನಗೆ ಅಕ್ಕನ ಮಾತಿಗಿಂತ ನಿಮ್ಮ ಸುಮ್ಮನಿರುವಿಕೆಯೇ ಹೆಚ್ಚು ನೋಯಿಸಿತು. ಅದಕ್ಕೇ ತವರಿಗೆ ಬಂದು ಕೂತೆ.

ಪರದೆಯ ಮೇಲೆ ಮಲ್ಲೇಶಿ ಹಾಗೆ ನಿಂತಿದ್ದ ಹೊತ್ತಿಗೇ ನಮ್ಮವ್ವ ಟಾಕೀಸಿನಲ್ಲಿದ್ದೇನೆ ಅನ್ನುವುದನ್ನೇ ಮರೆತಳು. ತಪ್ಪಿಸಿಕೊಂಡ ಕುರಿಯನ್ನು ಗುಡ್ಡದಾಚೆಯಿಂದ ಕರೆಯುವ ದನಿ ಅವಳದು. ಎದ್ದು ನಿಂತು ಮಲ್ಲೇಶಿಗೆ ಕೂಗಿದಳು:

“ಏನೋ ಮಾರಾಯ, ಬಾಯಾಗ ಏನ್ ಇಟ್ಕೊಂಡಿ? ಹೇಣ್ತಿನ್ನ ಎಲ್ಲಾರೂ ಅನ್ನಾಕತ್ಯಾರ, ಒಂದ್ ಮಾತರೇ ಆಡೋ!”

ಟಾಕೀಸು ನಗುತ್ತಿತ್ತು. ಆದರೆ ಮುಂದೆ ನೀವು ಎದ್ದು ನಿಂತಿರಿ. ಆರು ವರ್ಷ ಮಾತಾಡದ ಅತ್ತೆ ಕೊನೆಗೂ ನಿಮ್ಮನ್ನೇ ಕೇಳುತ್ತಿದ್ದಾರೆ ಅಂದುಕೊಂಡಿರಿ, ಅಲ್ಲವೇ? ನಿಮ್ಮ ನೆರಳು ಪರದೆಯ ಮೇಲೆ ಮಲ್ಲೇಶಿಯ ಮುಖದ ತುಂಬ ಬಿತ್ತು. ಕೂಡ್ರಿ, ಕೂಡ್ರಿ ಅಂತ ಎಲ್ಲರೂ ಒದರುತ್ತಿದ್ದರು. ನೀವು ನಮ್ಮ ಕಡೆ ತಿರುಗಿ ಬಾಯಿ ತೆರೆದಿರಿ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ನಾನು ಕುರ್ಚಿಯ ಅಂಚು ಹಿಡಿದೆ. ನೀವು ಕೂತುಬಿಟ್ಟಿರಿ. ಇಂಟರ್ವಲ್ಲಿನಲ್ಲಿ ಮಂಡಕ್ಕಿ ತಂದು ಕೊಟ್ಟು, ಅತ್ತೆಗೆ ನೀರು ಬೇಕೇನು ಕೇಳು ಅಂದಿರಿ.

ಅವ್ವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಆದರೆ ನೀವು ಹೋದ ಮೇಲೆ, ಕುರಿ ಮೇಯಿಸಿಕೊಂಡು ಬರುವ ಅಪ್ಪನಿಗೆ ದಿನಾ ಸಂಜೆ ಪಿಚ್ಚರಿನ ಕತೆ ಹೇಳುತ್ತಾಳೆ. ಅವಳ ಕತೆಯಲ್ಲಿ ಮಲ್ಲೇಶಿ ಕಟ್ಟೆಯ ಮೇಲೆ ಬಾಯಿ ಬಿಡುತ್ತಾನೆ. ಏನಂದ ಅಂತ ಅಪ್ಪ ಕೇಳುತ್ತಾನೆ, ಅವ್ವ ದಿನಕ್ಕೊಂದು ಉತ್ತರ ಕಟ್ಟುತ್ತಾಳೆ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತೇನೆ, ತಿದ್ದುವುದಿಲ್ಲ.

ಕೊನೆ ಮಾತ್ರ ನನಗೆ ಸೇರಲಿಲ್ಲ. ಮಲ್ಲೇಶಿ ತೊಗರಿ ಹೊಲದಲ್ಲಿ ನೀಲವ್ವನನ್ನು ಹುಡುಕಿ ಬಂದು ಕಾಲು ಹಿಡಿಯುತ್ತಾನೆ, ಆಕೆ ನಗುತ್ತಾಳೆ, ಮಂದಿ ಸೀಟಿ ಹೊಡೆಯುತ್ತಾರೆ. ನಾನು ಚಪ್ಪಾಳೆ ತಟ್ಟಲಿಲ್ಲ. ಯಾರೂ ಇಲ್ಲದ ಹೊಲದಲ್ಲಿ ಕಾಲು ಹಿಡಿಯುವುದು ಸಸಾರ. ಆ ಕಟ್ಟೆಗೆ ಹೋಗಿ, ಅದೇ ಮಂದಿಯ ಮುಂದೆ ಅವನು ಒಂದು ಮಾತು ಆಡಬೇಕಾಗಿತ್ತು. ನಾನು ಈಗ ಹೇಳುತ್ತಿರುವುದು ಪಿಚ್ಚರಿನ ಮಾತಲ್ಲ.

ಸೋಮವಾರ ರೇಣಮ್ಮಕ್ಕನ ಫೋನ್ ಬಂತು. ದುರ್ಗಾಳಿಗೆ ಕೊಡಿ ಅಂದರಂತೆ, ನಾನು ತಲೆ ಅಲ್ಲಾಡಿಸಿದೆ. ಆಗ ಅವ್ವನಿಗೇ ಹೇಳಿದರು: ಮುಂದಿನ ವಾರ ಭಾನುವಾರ ಕೂಸಿನ ಜಾವಳ, ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಇರಬೇಕು, ಪಕ್ಕದಲ್ಲಿ ಅವನ ಹೆಂಡತಿ ಕೂಡಬೇಕು, ತಮ್ಮ ಮನೆಯ ಪದ್ಧತಿ, ಮಗಳನ್ನು ಕಳಿಸಿರಿ. ದನಿ ಕಟ್ಟಿತ್ತಂತೆ, ನೆಗಡಿ ಇರಬೇಕು ಅಂದಳು ಅವ್ವ. ನಾನು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಎದ್ದೆ. ನೀವು ನೀರು ಬಿಡುವ ಪಾಳಿಯನ್ನು ಜೊತೆಗಾರ ಮನ್ಸೂರಅಲಿಗೆ ಒಪ್ಪಿಸಿ ಎರಡು ದಿನ ರಜೆ ಹಾಕಿ ಬಂದಿದ್ದು ಇದಕ್ಕೇ? ಪಿಚ್ಚರ್ ತೋರಿಸಿ, ಮನಸ್ಸು ಕರಗಿಸಿ, ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂಡಿಸಲು? ತೊಟ್ಟಿಲಿಗೆ ಆಗದ ಕೈ ಜಾವಳಕ್ಕೆ ಆಗುತ್ತದೆಯೇ? ಜಾವಳದ ಸುದ್ದಿಯನ್ನಾದರೂ ನೀವು ಬಾಯಿಬಿಟ್ಟು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅದಕ್ಕೇ ನಾನು ಬರುವುದಿಲ್ಲ. ನನಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ವಾಲ್ವ್ ತಿರುಗಿಸುವ ಆ ಕಬ್ಬಿಣದ ಕೋಲನ್ನು ನಸುಕಿನಲ್ಲಿ ಬಾಗಿಲಿಗೆ ತಾಗಿಸದೆ ಒಯ್ಯಲು ನೀವು ಪಡುವ ಪಾಡು ನೆನಪಾದರೆ ಇಲ್ಲಿ ನಿದ್ದೆ ಹಾರಿಹೋಗುತ್ತದೆ. ನೀವು ನನಗೆ ಬೇಕು. ಆದರೆ ನಾನು ಬರಬೇಕಾದರೆ ಆ ಅಂಗಳದಲ್ಲಿ, ಆ ಹೆಂಗಸರ ಮುಂದೆ, ನನ್ನ ಸಲುವಾಗಿ ನೀವು ಒಂದು ಮಾತು ಆಡಬೇಕು. ಇಲ್ಲವಾದರೆ ಪಕ್ಕ ಖಾಲಿ ಇಟ್ಟುಕೊಂಡು ಕೂಡಿರಿ.

ಸಿಟ್ಟಿದ್ದರೂ ನಿಮ್ಮವಳೇ,
ದುರ್ಗಾ

ತಾ.ಕ.: ಗುರುವಾರ ಮುಂಜಾನೆ. ಕಾಗದವನ್ನು ಅಂಚೆ ಪೆಟ್ಟಿಗೆಗೆ ಹಾಕಲು ಹೊರಟಿದ್ದೆ, ಯಾದಗಿರಿಯಿಂದ ಬಳೆ ಮಾರಲು ಬರುವ ಚಮನಬೀ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಹೋದ ಶುಕ್ರವಾರ, ಅಂದರೆ ನೀವು ಇಲ್ಲಿಗೆ ಬರುವ ಹಿಂದಿನ ದಿನ, ಅವಳು ಯಾದಗಿರಿಯ ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರಿಗೆ ಬಳೆ ಇಡಿಸುತ್ತಿದ್ದಳಂತೆ. ಜಾವಳಕ್ಕೆ ದುರ್ಗಾಳನ್ನು ಕರೆದುಕೊಂಡು ಬಾ ಅಂತ ಅಕ್ಕ ಅಂದರಂತೆ. ನೀವು ಹೆಗಲ ಮೇಲಿನ ಕೋಲು ಇಳಿಸಿ ಎಲ್ಲರ ಮುಂದೆ ಹೇಳಿದಿರಂತೆ: “ಅಕ್ಕಾ, ನನ್ನ ಹೇಣ್ತಿ ಮುಟ್ಟಬಾರದ ಕೂಸಿಗಿ ನನ್ನ ತೊಡಿನೂ ಬ್ಯಾಡ. ನೀ ಆಕಿಗಿ ಅಂದದ್ದು ತಪ್ಪು. ಅವತ್ತು ನಾ ಸುಮ್ಮ ನಿಂತದ್ದು ಅದಕ್ಕಿಂತ ತಪ್ಪು.” ಚಮನಬೀಯ ಕೈಯಲ್ಲಿ ಯಾರದೋ ಬಳೆ ಹಾಗೇ ನಿಂತಿತಂತೆ. ಅಕ್ಕ ಅವತ್ತೆಲ್ಲ ಅತ್ತರಂತೆ, ಊಟ ಮಾಡಲಿಲ್ಲವಂತೆ. ಸೋಮವಾರ ನನ್ನನ್ನು ಕೇಳಿ ಫೋನ್ ಮಾಡಿದ್ದು ಅದಕ್ಕೇ, ದನಿ ಕಟ್ಟಿದ್ದೂ ನೆಗಡಿಯಿಂದಲ್ಲ. ನಿನಗೆ ಹೇಳಿಲ್ಲವೇನವ್ವ ಅಂತ ಚಮನಬೀ ನನ್ನನ್ನೇ ಕೇಳುತ್ತಾಳೆ.

ಇಷ್ಟು ದೊಡ್ಡ ಮಾತು ಆಡಿ ಬಂದವರು ಎರಡು ದಿನ ನಮ್ಮ ಮನೆಯ ರೊಟ್ಟಿ ತಿಂದು, ಪಿಚ್ಚರ್ ಹೇಗಿತ್ತು ಅಂತ ಕೇಳಿ ಹೋದಿರಿ. ನಿಮ್ಮ ಜೊತೆ ಹೇಗೆ ಬಾಳುವುದ್ರಿ ನಾನು? ಮೇಲೆ ಬರೆದಿದ್ದನ್ನು ಹರಿಯುವುದಿಲ್ಲ, ಓದಿ ನೀವೂ ಸ್ವಲ್ಪ ಉರಿಯಿರಿ. ಕಾಗದವನ್ನು ಚಮನಬೀ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ಶನಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ, ಸ್ಟ್ಯಾಂಡಿಗೆ ನೀವೇ ಬನ್ನಿ. ಜಾವಳದ ದಿನ ಕೂಸು ನಿಮ್ಮ ತೊಡೆಯ ಮೇಲೆಯೇ ಕೂಡಲಿ. ಕೂದಲು ತೆಗೆಯುವಾಗ ಅದು ಅತ್ತೇ ಅಳುತ್ತದೆ. ಆಗ ಯಾರ ಅಪ್ಪಣೆಯನ್ನೂ ಕೇಳದೆ ಎತ್ತಿಕೊಳ್ಳುವವಳು ನಾನು.