ಊಟ ಆಯ್ತಾ ಗುಂಡಮ್ಮ?

ಅಮ್ಮಾ,

ಇವತ್ತು ಕಾಲೇಜು ಕ್ಯಾಂಟೀನಿನಲ್ಲಿ ಏನಾಯಿತು ಗೊತ್ತಾ? ಮೂಲೆಯ ಟೇಬಲ್ಲಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಫೋನು ನೋಡುತ್ತಾ ಕೂತಿದ್ದೆ. ನೀನು ತೀರಿಹೋದಮೇಲೆ ನಾನು ಅಲ್ಲೇ, ಒಬ್ಬಳೇ ಕೂರುವುದು. ಮೊದಲ ವರ್ಷದ ಹುಡುಗಿಯೊಬ್ಬಳು, ಗುರುತಿಲ್ಲ ಪರಿಚಯವಿಲ್ಲ, ಎದುರಿನ ಕುರ್ಚಿ ಎಳೆದುಕೊಂಡು ಕೂತು, "ಊಟ ಆಯ್ತಾ ಗುಂಡಮ್ಮ?" ಅಂದಳು.

ಫೋನು ಕೆಳಗಿಟ್ಟೆ. "ಯಾರು ಹೇಳ್ಕೊಟ್ರು ನಿಂಗೆ ಇದನ್ನ?"

"ಇಲ್ಲಿ ಎಲ್ರೂ ಹೀಗೇ ಮಾತಾಡ್ಸೋದಲ್ವಾ ಅಕ್ಕ? ಹುಡುಗರಿಗೂ ಗುಂಡಮ್ಮ ಅಂತಾನೇ ಅನ್ನೋದು. ಯಾಕೇಂತ ಯಾರಿಗೂ ಗೊತ್ತಿಲ್ಲ."

ನನಗೆ ಗೊತ್ತಲ್ಲ. ನನ್ನ ಹಳೇ ಫೋನನ್ನು ನಂಬರಿನ ಸಮೇತ ನಿನಗೆ ಕೊಟ್ಟಾಗ ಅದರಲ್ಲಿ ನಮ್ಮ ಕ್ಲಾಸಿನ ಗ್ರೂಪು ಹಾಗೇ ಉಳಿದಿತ್ತು. ನನಗೊಬ್ಬಳಿಗೇ ಅಂದುಕೊಂಡು ನೀನು 'ಊಟ ಆಯ್ತಾ ಗುಂಡಮ್ಮ?' ಅಂತ ಕೇಳಿದ್ದು ಇಡೀ ಕ್ಲಾಸಿಗೆ ಹೋಯಿತು. ಒಬ್ಬರ ಹಿಂದೊಬ್ಬರು 'ಆಯ್ತಮ್ಮ', 'ಆಯ್ತಮ್ಮ' ಅಂತ ಬರೆದರು, ಮೇಷ್ಟ್ರು ಕೂಡ. ನೀನು ಖುಷಿಯಿಂದ ಒಬ್ಬೊಬ್ಬರಿಗೂ ಹೂವಿನ ಚಿತ್ರ ಕಳಿಸುತ್ತಾ ಕೂತೆ. ನಾನು ನಿನ್ನ ನಂಬರನ್ನು ಗ್ರೂಪಿನಿಂದ ತೆಗೆದೆ. ಕೇಳಿದಾಗ, ಗ್ರೂಪು ಮುಚ್ಚಿಬಿಟ್ಟರಮ್ಮ ಅಂದೆ.

"ಛೆ, ಎಷ್ಟು ಒಳ್ಳೇ ಮಕ್ಕಳು," ಅಂದಿದ್ದೆ ನೀನು.

ಆ ಹುಡುಗಿ ಇನ್ನೂ ಕಾಯುತ್ತಿದ್ದಳು. "ಅಕ್ಕ, ಯಾರಾದ್ರೂ ಕೇಳಿದ್ರೆ ಆಯ್ತಮ್ಮ ಅನ್ಬೇಕು. ನೀವು ಅನ್ನೋತನಕ ನಾನು ಏಳಲ್ಲ."

ತಟ್ಟೆ ನೋಡಿದೆ. ಹಾಕಿಸಿಕೊಂಡದ್ದು ಹಾಗೇ ಇತ್ತು.

"ಇಲ್ಲಮ್ಮ," ಅಂದೆ. "ಇನ್ನೂ ಆಗಿಲ್ಲ."