ಹೊಟ್ಟು ಹಾರಿದ ದಿಕ್ಕು

ಗುಡ್ಡದ ದೊಡ್ಡಿ, ಮಸ್ಕಿ ಹತ್ತಿರ
ಮಾಘ ಬಹುಳ ಪಂಚಮಿ, ಫಸಲಿ ೧೩೫೧

ಹಡೆದವ್ವನ ಪಾದಕ್ಕೆ ನಿನ್ನ ಮಗ ಕನಕರಾಯ ಮಾಡುವ ಶರಣು.

ನಾವೆಲ್ಲ ಇಲ್ಲಿ ಆರಾಮ. ನಿನ್ನ ಮೊಣಕಾಲು ಹೇಗಿದೆ, ಕಣ್ಣಿನ ಮಬ್ಬು ಹೆಚ್ಚಾಗಿಲ್ಲ ತಾನೆ? ತಂಗಿ ಪೀರಮ್ಮನ ಕೂಸು ಈಗ ಹೊಸ್ತಿಲು ದಾಟುತ್ತಿರಬೇಕು. ಅವಳ ಬಾಣಂತನಕ್ಕೆಂದು ಜವಳಗೇರಾಕ್ಕೆ ಹೋದ ನೀನು ಕೂಸಿಗೆ ಹಲ್ಲು ಮೂಡಿದರೂ ಬರಲೊಲ್ಲೆಯಲ್ಲ, ಅಳಿಯ ನರಸಣ್ಣನ ಮನೆಯ ರೊಟ್ಟಿ ಅಷ್ಟು ರುಚಿ ಹತ್ತಿತೇ? ಸಿಟ್ಟಾಗಬೇಡ. ಈ ಕಾಗದವನ್ನು ನರಸಣ್ಣನೇ ನಿನಗೆ ಓದಿ ಹೇಳುತ್ತಾನೆಂದು ಗೊತ್ತಿದ್ದೇ ಬರೆದಿದ್ದೇನೆ, ಅವನೂ ಸ್ವಲ್ಪ ಉರಿದುಕೊಳ್ಳಲಿ. ನಿನ್ನ ಕರಿ ಮೇಕೆ ಅವಳಿ ಮರಿ ಹಾಕಿದೆ, ಎರಡೂ ನಿನ್ನಂತೆಯೇ ಹಟಮಾರಿ.

ಈಗ ಗುಡ್ಡದ ವಿಷಯ. ಹುಲ್ಲು ಈ ಸಲ ಸೊಂಟದವರೆಗೆ ನಿಂತಿದೆ. ಹೋದ ವರ್ಷದ ಬೆಂಕಿಯನ್ನು ಅರ್ಧಕ್ಕೇ ಆರಿಸಿದೆವಲ್ಲ, ಹಾಗಾಗಿ ಹಳೆಯ ಹುಲ್ಲಿನ ಮೇಲೆ ಹೊಸ ಹುಲ್ಲು ಬಿದ್ದು ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುತ್ತದೆ. ಬೇಸಿಗೆಯಲ್ಲಿ ದಾರಿಹೋಕ ಒಬ್ಬ ಬೀಡಿ ಎಸೆದರೆ ಸಾಕು, ಬೆಂಕಿ ಗುಡ್ಡದಿಂದ ನೇರ ನಮ್ಮ ಕುರಿಹಟ್ಟಿಗೇ ಇಳಿಯುತ್ತದೆ. ಅದಕ್ಕೆ ಮೊದಲೇ, ಬೆಳಗಿನ ಇಬ್ಬನಿ ಇರುವ ಈ ದಿನಗಳಲ್ಲೇ, ದೊಡ್ಡಿಯ ಮನೆಗಳಿಗೂ ಗುಡ್ಡಕ್ಕೂ ನಡುವಿನ ಪಟ್ಟಿಯನ್ನು ನಾವೇ ಸುಟ್ಟು ಬಯಲು ಮಾಡಬೇಕು. ಸುಡಲು ಲಿಂಗಸೂಗೂರಿನ ಕಚೇರಿಯಿಂದ ಇಜಾಜತ್ ಸಿಕ್ಕಿದೆ, ಆದರೆ ಶಿವರಾತ್ರಿಯವರೆಗೆ ಮಾತ್ರ. ಇನ್ನು ಒಂಬತ್ತು ದಿನ ಉಳಿದಿದೆ. ಯಾರೂ ಕಡ್ಡಿ ಗೀರುತ್ತಿಲ್ಲ. ಹಿರಿಯ ಅಂಬಪ್ಪನನ್ನು ಕೇಳಿದರೆ, "ನಿಮ್ಮವ್ವ ಯಮನಮ್ಮ ಬರಲಿ. ಆಕಿ ಹೊಟ್ಟು ತೂರಿ ಗಾಳಿ ನೋಡಲಾರದ ಇಲ್ಲಿ ಯಾರೂ ಬೆಂಕಿ ಹಚ್ಚಂಗಿಲ್ಲ" ಎನ್ನುತ್ತಾನೆ. ನಾನು ತೂರುತ್ತೇನೆ ಅಂದರೆ ನಗುತ್ತಾನೆ. ಕಣದಲ್ಲಿ ಮೊದಲ ರಾಶಿ ತೂರಿದ ಹೆಂಗಸೇ ಗುಡ್ಡದ ಮುಂದೆಯೂ ತೂರಬೇಕಂತೆ, ಮೀಸೆ ಇದ್ದವರಿಗೆ ಆ ಕೆಲಸ ಇಲ್ಲವಂತೆ.

ನನಗೆ ಚಿಕ್ಕಂದಿನ ಆ ಬೆಳಗುಗಳು ಈಗ ಬಹಳ ನೆನಪಾಗುತ್ತವೆ. ನೀನು ಮೊರದ ತುಂಬ ಜೋಳದ ಹೊಟ್ಟು ತುಂಬಿಕೊಂಡು ದೊಡ್ಡ ಗುಂಡುಕಲ್ಲಿನ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಕೆಳಗೆ ಹೆಂಗಸರೆಲ್ಲ ಬೆಂಕಿ ಬಡಿಯಲು ಹಸಿ ತಂಗಡಿ ಗಿಡದ ಟೊಂಗೆ, ತೋಯಿಸಿದ ಗೋಣಿತಟ್ಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಊರಿಗೆಲ್ಲ ಗುರುಗುಟ್ಟುತ್ತಿದ್ದ ಅಪ್ಪ ಅಂದು ಒಂದು ದಿನ ಮಾತ್ರ ಪಂಜು ಹಿಡಿದು ನಿನ್ನ ಅಪ್ಪಣೆಗೆ ತೆಪ್ಪಗೆ ಕಾಯುತ್ತಿದ್ದ. ಹೊಟ್ಟು ಗುಡ್ಡದ ಕಡೆ ಹಾರಿದರೆ "ಹಚ್ಚ್ರಿ" ಎನ್ನುತ್ತಿದ್ದೆ. ದೊಡ್ಡಿಯ ಕಡೆ ಹಾರಿದರೆ "ಇವತ್ತ ಬ್ಯಾಡ, ಮನೀಗೆ ಹೋಗಿ ರೊಟ್ಟಿ ಬಡೀರಿ" ಎಂದು ಇಳಿದು ಬಿಡುತ್ತಿದ್ದೆ. ಹಚ್ಚಿದ ಬೆಂಕಿ ಮೇಲಿನ ಬಂಡೆಸಾಲಿನವರೆಗೆ ಹೋಗಿ, ತಿನ್ನಲು ಏನೂ ಸಿಗದೆ ತಾನೇ ಸಾಯುತ್ತಿತ್ತು. ಆಮೇಲೆ ನೀನು ಸೆರಗಿನಿಂದ ನನ್ನ ಮುಖದ ಮಸಿ ಒರೆಸುತ್ತಿದ್ದೆ, ಸೆರಗೇ ಮಸಿಯಾಗಿರುತ್ತಿದ್ದರಿಂದ ನಾನು ಇನ್ನಷ್ಟು ಕಪ್ಪಾಗುತ್ತಿದ್ದೆ. ಮೊದಲ ಮಳೆ ಬಿದ್ದೊಡನೆ ಆ ಕರಿ ನೆಲದಲ್ಲಿ ಏಳುತ್ತಿದ್ದ ಎಳೆ ಹುಲ್ಲಿಗೆ ಮರಿಗಳು ಹೇಗೆ ಓಡುತ್ತಿದ್ದವು. ನಿನ್ನ ಕಣ್ಣು ಮಬ್ಬಾದ ಮೇಲೆ ನೀನು ತೂರುವುದು, ಪಕ್ಕದಲ್ಲಿ ನಿಂತು ನಾನು ದಿಕ್ಕು ಹೇಳುವುದು ಎಂದಾಯಿತು. ಆಗಲೂ ಅಪ್ಪಣೆ ನಿನ್ನದೇ.

ಹೋದ ವರ್ಷದ ಮಾತು ಎತ್ತಬಾರದೆಂದುಕೊಂಡಿದ್ದೆ, ಎತ್ತದೆ ವಿಧಿಯಿಲ್ಲ. ಹಚ್ಚಿದ ಬೆಂಕಿ ಗುಡ್ಡಕ್ಕೆ ಹೋಗದೆ ದೊಡ್ಡಿಯತ್ತ ಹೊರಳಿತು. ಬಡಿದು ಆರಿಸುವಷ್ಟರಲ್ಲಿ ಪಕ್ಕದ ಮನೆಯ ಜೋಗಮ್ಮನ ಬಣವೆ ಸುಟ್ಟುಹೋಯಿತು. ಮನೆಗಳು, ಕುರಿಗಳು ಉಳಿದವು. "ಗಾಳಿ ತಿರುಗಿದ್ರ ಯಾರೇನು ಮಾಡ್ತಾರ" ಎಂದು ಎಲ್ಲರೂ ಸಮಾಧಾನ ಹೇಳಿದರು. ನಮ್ಮ ಮೇವಿನ ಕಣಿಕೆಯಲ್ಲಿ ಅರ್ಧವನ್ನು ಜೋಗಮ್ಮನ ಹಿತ್ತಿಲಿಗೆ ಒಟ್ಟಿ ಬಂದೆವು. ನೀನು ಮಾತ್ರ ಮೊರವನ್ನು ಜಂತಿಗೆ ಸಿಕ್ಕಿಸಿ, "ಗಾಳಿ ನನ್ನ ಕೈ ಬಿಟ್ಟೈತಿ, ಇನ್ನ ನಾ ಇದನ್ನ ಮುಟ್ಟಂಗಿಲ್ಲ" ಅಂದೆ. ಮುಂದೆ ಎರಡೇ ತಿಂಗಳಿಗೆ ಗಂಟು ಕಟ್ಟಿದೆ. ಬಾಣಂತನ ಒಂದು ನೆಪ, ಈ ಗುಡ್ಡದ ಮುಖ ನೋಡಲಾರದೆ ಹೋದೆ ಎಂದು ನನಗೆ ಗೊತ್ತು. ಮೊರವನ್ನು ನಾನು ಇಳಿಸಿಲ್ಲ. ಅದರ ಕೆಳಗೆ ಹಾದುಹೋಗುವಾಗಲೆಲ್ಲ ತಲೆ ತಗ್ಗಿಸುತ್ತೇನೆ. ನೀನಿಲ್ಲದೆ ನನಗೆ ಬಹಳ ಬೇಸರವಾಗಿದೆ, ಬಂದುಬಿಡು.

ಪೀರಮ್ಮನಿಗೆ ನನ್ನ ನೆನಪು ಹೇಳು, ಕೂಸಿನ ಎರಡೂ ಕೆನ್ನೆ ಹಿಂಡು. ನರಸಣ್ಣನಿಗೆ ಶರಣು.

ನಿನ್ನ ಮಗ
ಕನಕರಾಯ

ತಾ.ಕ.: ಜವಳಗೇರಾಕ್ಕೆ ಹೊರಟ ಮೌಲಾಸಾಬರ ಗಾಡಿ ಬಾಗಿಲಲ್ಲಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನರಸಣ್ಣಾ, ಇದನ್ನು ನುಂಗದೆ ಗಟ್ಟಿಯಾಗಿ ಓದು. ಅವ್ವಾ, ಅಂದು ಗಾಳಿ ತಿರುಗಲಿಲ್ಲ. ನೀನು ಹೊಟ್ಟು ತೂರಿ "ಎತ್ತಾಗ ಹೋತೋ ಕನಕಾ" ಎಂದಾಗ ನಾನು ನೋಡಲೇ ಇಲ್ಲ. ಮಸ್ಕಿ ಸಂತೆಗೆ ಗಾಡಿ ಹೊರಟಿತ್ತು, ನನ್ನ ಕಣ್ಣು ಅದರ ಮೇಲಿತ್ತು. ಬೇಗ ಮುಗಿಯಲೆಂದು "ಗುಡ್ಡದ ಕಡಿಗೆ" ಅಂದುಬಿಟ್ಟೆ. ನಿನ್ನ ಕೈ ತಪ್ಪಲಿಲ್ಲ. ವರ್ಷವೆಲ್ಲ ನೀನು ಹೊತ್ತದ್ದು ನನ್ನ ತಪ್ಪನ್ನು, ಹೇಳಲು ನಾಚಿಕೆ ನನ್ನನ್ನು ಬಿಡಲಿಲ್ಲ. ಇವತ್ತು ಬೆಳಿಗ್ಗೆ ಅಂಬಪ್ಪನಿಗೂ ಜೋಗಮ್ಮನಿಗೂ ಹೇಳಿ ಬಂದೆ. ಅಂಬಪ್ಪ ಮುಖ ತಿರುಗಿಸಿಕೊಂಡ. ಜೋಗಮ್ಮ ಬಾಯಿಗೆ ಬಂದಂತೆ ಬೈದು, ಕಡೆಗೆ ಅಂದಳು: "ಯಮನಮ್ಮನ್ನ ಕರಸು. ಈ ಸಲ ದಿಕ್ಕ ನಾ ನೋಡಿ ಹೇಳ್ತೀನಿ, ನೀ ದೂರ ನಿಂದ್ರು." ಮೌಲಾಸಾಬರು ನಾಳಿದ್ದು ಜವಳಗೇರಾದಿಂದ ಹಿಂದಿರುಗುತ್ತಾರೆ. ಗಾಡಿಯಲ್ಲಿ ನಿನಗೆ ಜಾಗ ಇಡಲು ಹೇಳಿದ್ದೇನೆ.